ಕನ್ನಡ ತರಗತಿಗೆ ವಿಕಿಪೀಡಿಯ: ಹೊಸ ಲೇಖನ ಬರೆಸುವ ಬದಲು ಇರುವುದನ್ನು ತಿದ್ದಿಸಿ

ಪದವಿ ಕನ್ನಡ ತರಗತಿಯಲ್ಲಿ ವಿಕಿಪೀಡಿಯ ಎಂದರೆ ತಲೆಗೊಂದು ಹೊಸ ಲೇಖನ ಬರೆಸುವುದು ರೂಢಿ. ನಾನು ಆ ಅಸೈನ್‌ಮೆಂಟ್ ಕೊಡುವುದಿಲ್ಲ. ಹೊಸ ಲೇಖನ ಎಂದ ಕೂಡಲೇ ಕೆಲವರು ಇಂಗ್ಲಿಷ್ ಪುಟವನ್ನು ಯಂತ್ರಾನುವಾದಕ್ಕೆ ಹಾಕಿ ಅಂಟಿಸುತ್ತಾರೆ. ಉಳಿದವರು ತಮ್ಮ ಊರನ್ನೋ ಕಾಲೇಜನ್ನೋ ಆಧಾರವಿಲ್ಲದೆ ಹೊಗಳುತ್ತಾರೆ. ಎರಡೂ ಬಗೆಯವು ಅಳಿಸಿಹೋಗುವುದೇ ಹೆಚ್ಚು. ಇರುವ ಲೇಖನದ ಒಂದು ಪ್ಯಾರಾ ತಿದ್ದಿ ಒಂದು ಆಧಾರ ಸೇರಿಸುವುದು ಚಿಕ್ಕ ಕೆಲಸದಂತೆ ಕಂಡರೂ ಭಾಷೆ ಕಲಿಯುವವರಿಗೆ ಅದರಿಂದಲೇ ಲಾಭ ಜಾಸ್ತಿ.

ತಿದ್ದಲು ಸರಕಿಗೆ ಬರವಿಲ್ಲ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಯೋಜನೆಯಿಂದ ಇಂಗ್ಲಿಷ್ ಲೇಖನಗಳು ರಾಶಿ ರಾಶಿಯಾಗಿ ಕನ್ನಡ ವಿಕಿಪೀಡಿಯಕ್ಕೆ ಬಂದವು. ಬಹಳ ಉದ್ದ, ಅಡಿಟಿಪ್ಪಣಿಯೂ ಧಾರಾಳ, ಆದರೆ ಓದಿಸಿಕೊಳ್ಳುವುದಿಲ್ಲ. "ಈ ಉಪಕರಣವು ಯಾವುದು 19ನೇ ಶತಮಾನದಲ್ಲಿ ಜನಪ್ರಿಯವಾಗಿತ್ತೋ ಅದು ಎಂಜಿನಿಯರುಗಳಿಂದ ಬಳಸಲ್ಪಡುತ್ತಿತ್ತು" ಎಂಬ ಜಾತಿಯ ವಾಕ್ಯಗಳು. ಇದನ್ನು "19ನೇ ಶತಮಾನದಲ್ಲಿ ಎಂಜಿನಿಯರುಗಳು ಈ ಉಪಕರಣವನ್ನು ಹೆಚ್ಚಾಗಿ ಬಳಸುತ್ತಿದ್ದರು" ಎಂದು ಮಾಡಿದರೆ ಕರ್ಮಣಿ ಪ್ರಯೋಗದ ಪಾಠ ಅಲ್ಲೇ ಮುಗಿಯಿತು. ಇಬ್ಬರಿಗೆ ಒಂದು ಪ್ಯಾರಾ ಕೊಡುತ್ತೇನೆ. ಮೊದಲು ಇಂಗ್ಲಿಷ್ ಪುಟವನ್ನು ಪಕ್ಕದಲ್ಲಿ ತೆರೆದು ಅರ್ಥ ಸರಿಯಿದೆಯೇ ನೋಡಬೇಕು, ಆಮೇಲೆ ವಾಕ್ಯ. ಅನುವಾದದಲ್ಲಿ "ಅಲ್ಲ" ಬಿಟ್ಟುಹೋಗಿ ಅರ್ಥವೇ ತಿರುಗಿರುವುದುಂಟು. ಅಂಥದ್ದರ ಭಾಷೆಯನ್ನಷ್ಟೇ ನಯಗೊಳಿಸಿದರೆ ಸುಳ್ಳು ಇನ್ನಷ್ಟು ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಇನ್ನೊಂದು ಸರಕು ಕನ್ನಡ ವಿಶ್ವಕೋಶ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಇದನ್ನು ಯಾರು ಬೇಕಾದರೂ ಮರುಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಅದರ ಬರಹಗಳು ಮೂಲ ಪಠ್ಯಗಳ ತಾಣ ವಿಕಿಸೋರ್ಸ್‌ನಲ್ಲೂ ವಿಕಿಪೀಡಿಯದಲ್ಲೂ ಸೇರಿವೆ. ಇಲ್ಲಿ ಕನ್ನಡ ಚೆನ್ನಾಗಿದೆ, ಮಾಹಿತಿ ಹಳತು. 1997ರ ಜಿಲ್ಲಾ ವಿಂಗಡಣೆಗೆ ಮೊದಲು ಬರೆದ ನಮೂದಿನಲ್ಲಿ ಉಡುಪಿ ದಕ್ಷಿಣ ಕನ್ನಡದಲ್ಲಿದೆ, ಗದಗ ಧಾರವಾಡದಲ್ಲಿ, ಕೊಪ್ಪಳ ರಾಯಚೂರಿನಲ್ಲಿ. ಹೊಸಪೇಟೆಯ ಜಿಲ್ಲೆ 2021ರಲ್ಲಿ ಬದಲಾಯಿತು. ವಿದ್ಯಾರ್ಥಿ ಒಂದು ನಮೂದು ಹಿಡಿದು ಜಿಲ್ಲೆ, ತಾಲ್ಲೂಕು ಸರಿಪಡಿಸಿ, ಜನಸಂಖ್ಯೆಯನ್ನು 2011ರ ಜನಗಣತಿಗೆ ತಂದು, ಆಧಾರ ಕೊಡಬೇಕು. ಪುಟದ ಕೆಳಗಿನ "ವಿಶ್ವಕೋಶದಿಂದ" ಎಂಬ ಸೂಚನೆ ತೆಗೆಯಕೂಡದು. ಮೂಲವನ್ನು ಹೆಸರಿಸುವುದು ಪರವಾನಗಿಯ ಷರತ್ತು.

ಲ್ಯಾಬಿನಲ್ಲಿ ಮೊದಲು ಕೈಕೊಡುವುದು ಖಾತೆ. ಒಂದು ಐಪಿ ವಿಳಾಸದಿಂದ ದಿನಕ್ಕೆ 6 ಖಾತೆ ಮಾತ್ರ ತೆರೆಯಬಹುದು. ಇಡೀ ಲ್ಯಾಬ್ ಹೊರಗೆ ಒಂದೇ ಐಪಿಯಾಗಿ ಕಾಣುತ್ತದೆ, ಏಳನೆಯವರಿಗೆ ಬಾಗಿಲು ಮುಚ್ಚುತ್ತದೆ. ಹಾಗಾಗಿ ಹಿಂದಿನ ವಾರವೇ ಮನೆಯಿಂದಲೋ ಮೊಬೈಲ್ ಡೇಟಾದಿಂದಲೋ ಖಾತೆ ಮಾಡಿಕೊಂಡು ಬರಲು ಹೇಳುತ್ತೇನೆ. ದೊಡ್ಡ ತರಗತಿಯಾದರೆ ಅರಳಿ ಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟ) ಮುಂಚೆಯೇ ತಿಳಿಸಿ ನಿರ್ವಾಹಕರ ನೆರವು ಕೇಳುವುದು ಒಳ್ಳೆಯದು. ಬಳಕೆದಾರ ಹೆಸರಿನಲ್ಲಿ ರಿಜಿಸ್ಟರ್ ನಂಬರ್, ಫೋನ್ ನಂಬರ್ ಬೇಡ. ಪುಟದ ಇತಿಹಾಸದಲ್ಲಿ ಅದು ಎಲ್ಲರಿಗೂ ಕಾಣುತ್ತದೆ.

ಟೈಪಿಂಗ್‌ಗೆ ಕಂಟ್ರೋಲ್ ಮತ್ತು ಎಂ ಒತ್ತಿದರೆ ವಿಕಿಯ ಕನ್ನಡ ಕೀಲಿಮಣೆ ಬರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆದಿಟ್ಟದ್ದನ್ನು ನೇರ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಕಣ್ಣಿಗೆ ಬೀಳದ ತಪ್ಪು ಬೇರೆಯೇ ಇದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಒತ್ತುವುದು. "ಬೆಂಗಳೂರು" ಮತ್ತು "ಬೆ೦ಗಳೂರು" ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಎರಡನೆಯದರಲ್ಲಿ ಇರುವುದು ಅಂಕಿ. ಮೊದಲನೆಯದನ್ನು ಹುಡುಕಿದರೆ ಎರಡನೆಯದು ಸಿಗುವುದಿಲ್ಲ, ಕೊಂಡಿ ಕೊಟ್ಟರೆ ಕೆಂಪಾಗುತ್ತದೆ. ಕೆಂಪು ಕೊಂಡಿ ಕಂಡ ವಿದ್ಯಾರ್ಥಿ ಪುಟವೇ ಇಲ್ಲವೆಂದುಕೊಂಡು ಇನ್ನೊಂದು ಶುರುಮಾಡಿಬಿಡುತ್ತಾನೆ. ಪರೀಕ್ಷಿಸುವ ದಾರಿ ಸುಲಭ: ಬ್ರೌಸರಿನ ಹುಡುಕು ಪೆಟ್ಟಿಗೆಗೆ ಸೊನ್ನೆಯೊಂದನ್ನೇ ಕೊಟ್ಟು, ಪದದ ನಡುವೆ ಎಲ್ಲೆಲ್ಲಿ ಮಿಂಚುತ್ತದೆ ನೋಡುವುದು. "ಫೇಸ್‌ಬುಕ್" ಥರದ ಶೀರ್ಷಿಕೆಯಲ್ಲಿ ಅಕ್ಷರ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆಯೂ ಹೀಗೇ ಕಾಡುತ್ತದೆ. ಅದಿರುವ ಹೆಸರು, ಇಲ್ಲದ ಹೆಸರು ಎರಡು ಬೇರೆ ಪುಟಗಳು. ಒಂದರಿಂದ ಇನ್ನೊಂದಕ್ಕೆ ಪುನರ್ನಿರ್ದೇಶನ ಹಾಕಿಸಿ.

ಕೆಲಸದ ಅಳತೆಯನ್ನು ಬೈಟ್‌ನಲ್ಲಿ ಹೇಳುವವರು ಒಂದು ವಿಷಯ ಗಮನಿಸಬೇಕು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡಕ್ಕೆ 3, ಗುಣಿತದ ಚಿಹ್ನೆಗೆ ಮತ್ತೆ 3. "ಕಿ" ಎಂದರೆ 6 ಬೈಟ್. "2,000 ಬೈಟ್ ಬರೆಯಿರಿ" ಎಂದರೆ ಇಂಗ್ಲಿಷಿನಲ್ಲಿ ಮುನ್ನೂರಕ್ಕೂ ಹೆಚ್ಚು ಪದ, ಕನ್ನಡದಲ್ಲಿ 70–80 ಪದ. ಅದಕ್ಕೇ ನಾನು ಪದಗಳಲ್ಲೇ ಹೇಳುವುದು: ತಿದ್ದಿದ್ದು 150 ಪದ, ಆಧಾರ ಎರಡು.

ಆಧಾರದಲ್ಲಿ ಕನ್ನಡದಲ್ಲೂ ಕಾಡುವ ತೊಂದರೆಯೊಂದಿದೆ. ಪತ್ರಿಕೆಗಳ ಜಾಲತಾಣ ಬದಲಾದಾಗ ಹಳೆಯ ಕೊಂಡಿಗಳು ಸಾಯುತ್ತವೆ. ಉಲ್ಲೇಖ ಹಾಕುವ ಮೊದಲೇ ಆ ಪುಟವನ್ನು ಜಾಲಪುಟಗಳ ನಕಲು ಕಾಯ್ದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಎರಡೂ ಕೊಂಡಿ ಕೊಡಿಸಿ. ಬ್ಲಾಗು ಆಧಾರವಾಗಿ ಬಂದರೆ ಅದರ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹುಡುಕಿ ನೋಡುವುದು ವಾಸಿ. ವಿಕಿಪೀಡಿಯದಿಂದಲೇ ಎತ್ತಿದ್ದು ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಗ್ಯಾಸೆಟಿಯರ್, ಶಾಸನಗಳ ಸಂಪುಟ ಎಪಿಗ್ರಾಫಿಯಾ ಕರ್ನಾಟಿಕ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಕಾಲೇಜು ಲೈಬ್ರರಿಯಲ್ಲಿದ್ದರೆ ಪುಟಸಂಖ್ಯೆ ಸಹಿತ ಅವೇ ಸಾಕು. ಚಿತ್ರ ಬೇಕಾದರೆ ತಾವೇ ತೆಗೆದದ್ದು ಮಾತ್ರ, ಅದೂ ವಿಕಿಯ ಚಿತ್ರ ಭಂಡಾರವಾದ ಕಾಮನ್ಸ್‌ಗೆ.

ಅಂಕ ಕೊಡುವಾಗ ಪುಟ ನೋಡುವುದಿಲ್ಲ, ಇತಿಹಾಸ ನೋಡುತ್ತೇನೆ. ಯಾರು ಯಾವಾಗ ಯಾವ ಪದ ಬದಲಿಸಿದರು ಎಂಬುದು ಅಲ್ಲಿದೆ. ಪ್ರತಿ ಸಲ ಉಳಿಸುವಾಗಲೂ ಸಾರಾಂಶ ಬರೆದಿರಬೇಕು: "ಕರ್ಮಣಿ ಸರಿಪಡಿಸಿದೆ", "2011ರ ಅಂಕಿ ಹಾಕಿದೆ". ಕೊನೆಯ ದಿನ ರಾತ್ರಿ ಒಂದೇ ಏಟಿಗೆ ಹತ್ತು ಸಾವಿರ ಬೈಟ್ ಬಿದ್ದಿದ್ದರೆ ಎಲ್ಲಿಂದಲೋ ತಂದು ಅಂಟಿಸಿದ್ದೆಂಬ ಅನುಮಾನ ಸಹಜ. ಅಂಥವರನ್ನು ಕರೆದು ಅದರಲ್ಲಿನ ಎರಡು ವಾಕ್ಯ ಬೋರ್ಡಿನ ಮೇಲೆ ತಿದ್ದಿಸುತ್ತೇನೆ. ಯಾರಾದರೂ ಬಂದು ವಿದ್ಯಾರ್ಥಿಯ ತಿದ್ದುಪಡಿಯನ್ನು ತೆಗೆದುಹಾಕಿದರೆ ಅಂಕ ಕಳೆಯುವುದಿಲ್ಲ. ಚರ್ಚೆಪುಟದಲ್ಲಿ ಕಾರಣ ಕೇಳಿ, ಆಧಾರ ಕೊಟ್ಟು ವಾದಿಸಿದ್ದಕ್ಕೆ ಬೇರೆಯೇ 5 ಅಂಕ ಇಟ್ಟಿರುತ್ತೇನೆ.