ಕಪ್ಪು ಕಾರಿನ ಮೈಯಿಂದ ಸುಳಿಗೀರು ತೆಗೆಯುವ ಕ್ರಮ

ಮುಂಬೈ, ಠಾಣೆ, ಡೊಂಬಿವಲಿಯ ಹೌಸಿಂಗ್ ಸೊಸೈಟಿಗಳಲ್ಲಿ ಕಾರು ಒರೆಸುವ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಒಂದು ಬಕೆಟ್ ನೀರು, ಒಂದು ಬಟ್ಟೆ, ಸಾಲುಸಾಲು ಕಾರುಗಳು. ಮೊದಲ ಕಾರಿನ ಚಕ್ರದ ಬಳಿ ಬಟ್ಟೆಗೆ ಸಿಕ್ಕ ಮರಳಿನ ಕಣವೇ ಹತ್ತನೆಯ ಕಾರಿನ ಬಾನೆಟ್ಟಿನ ಮೇಲೂ ಓಡಾಡುತ್ತದೆ. ಬಿಳಿ ಕಾರಿನಲ್ಲಿ ಅದರ ಗುರುತು ಸುಲಭವಾಗಿ ಕಾಣುವುದಿಲ್ಲ. ಕಪ್ಪು ಕಾರಿನಲ್ಲಾದರೆ ಕೆಲವೇ ತಿಂಗಳಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಸುತ್ತಿ ಸುತ್ತಿ ಹೆಣೆದಂಥ ನವಿರು ಗೀರುಗಳು ಎದ್ದು ಕಾಣತೊಡಗುತ್ತವೆ. ಆ ಕೆಲಸ ಮಾಡುವವರನ್ನು ದೂರುವುದು ಸರಿಯಲ್ಲ. ಒಂದೇ ಬಕೆಟ್ ನೀರಿನಲ್ಲಿ ಅಷ್ಟು ಕಾರುಗಳನ್ನು ಒರೆಸಬೇಕಾಗಿ ಬಂದರೆ ಯಾರ ಕೈಯಲ್ಲೂ ಹೀಗೇ ಆಗುತ್ತದೆ. ತಾಳ್ಮೆಯಿದ್ದವರು ಈ ಗೀರುಗಳನ್ನು ಬಹುಮಟ್ಟಿಗೆ ತಾವೇ ತೆಗೆಯಬಹುದು.

ತೆಗೆಯುವ ಮೊದಲು ಅವು ಎಲ್ಲಿವೆ ಎಂಬುದು ತಿಳಿದಿರಬೇಕು. ಇಂದಿನ ಹೆಚ್ಚಿನ ಕಾರುಗಳ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಈ ಮೇಲ್ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸುಳಿಗೀರುಗಳು ಇರುವುದು ಈ ಪದರದ ಮೇಲ್ಮೈಯಲ್ಲಿ. ಅವು ನಿಜವಾಗಿ ವೃತ್ತಾಕಾರದವೂ ಅಲ್ಲ: ಎಲ್ಲ ದಿಕ್ಕಿಗೂ ಹರಡಿದ ಗೀರುಗಳಲ್ಲಿ ದೀಪದ ಬೆಳಕಿಗೆ ಅಡ್ಡವಾಗಿರುವವು ಮಾತ್ರ ನಮ್ಮ ಕಣ್ಣಿಗೆ ಹೊಳೆಯುವುದರಿಂದ ಬಳೆಗಳಂತೆ ತೋರುತ್ತವೆ. ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದಾಗ ಕಾಣುವ ಸುತ್ತುಗೆರೆಗಳಿಗೂ ಇದೇ ಕಾರಣ. ಪಾಲಿಶ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ, ಅದರ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ತಳದವರೆಗೆ ಸವೆಸಿ ಸಮ ಮಾಡುವುದು. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಎಷ್ಟು ಕಡಿಮೆ ಸವೆಸಿ ಎಷ್ಟು ಚೆನ್ನಾಗಿ ಕಾಣುವಂತೆ ಮಾಡಬಹುದು ಎಂಬುದೇ ಈ ಕೆಲಸದ ಕುಶಲತೆ.

ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಮೆಲ್ಲನೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಹೋಗುವಂಥದ್ದಲ್ಲ, ಅದರ ಬೆನ್ನು ಹತ್ತಬೇಡಿ. ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಮುಟ್ಟಿಸಲೇಬಾರದು. ಹಿಂದೆ ಎಲ್ಲಾದರೂ ಡೆಂಟಿಂಗ್ ಪೇಂಟಿಂಗ್ ಆಗಿದ್ದರೆ ಆ ಭಾಗದ ಬಣ್ಣ ಉಳಿದದ್ದಕ್ಕಿಂತ ಮೆದುವಾಗಿರಬಹುದು, ಅಲ್ಲಿ ಬೇರೆಯದೇ ಎಚ್ಚರ ಬೇಕು. ಬಣ್ಣದ ದಪ್ಪ ಅಳೆಯುವ ಮೀಟರ್ ಬಾಡಿಗೆಗೋ ಕೈಸಾಲಕ್ಕೋ ಸಿಕ್ಕಿದರೆ ಒಳ್ಳೆಯದು. ಆದರೆ ಸಾಮಾನ್ಯ ಮೀಟರುಗಳು ಲೋಹದ ಮೇಲಷ್ಟೇ ಅಳೆಯುತ್ತವೆ, ಪ್ಲಾಸ್ಟಿಕ್ ಬಂಪರಿನ ಮೇಲೆ ಅಲ್ಲ.

ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ತೊಳೆಯುವುದರಲ್ಲೇ ಇದೆ. ಕಾರಿನ ಮೇಲೆ ಧೂಳು ಉಳಿದಿರುವಾಗ ಪಾಲಿಶ್ ಮಷಿನ್ ಹಿಡಿದರೆ ಹೊಸ ಗೀರುಗಳೇ ಏಳುತ್ತವೆ. ಒಂದು ಬಕೆಟ್‌ನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕಾರು ಉಜ್ಜುವ ಕೈಗವಸು ಜಾಲಿಸಲು ಬರಿಯ ನೀರು ಇಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬನ್ನಿ. ಬಟ್ಟೆ ಒಗೆಯುವ ಪುಡಿಯನ್ನಾಗಲಿ ಪಾತ್ರೆ ತೊಳೆಯುವ ಸೋಪನ್ನಾಗಲಿ ಬಳಸಬೇಡಿ. ಊರಿಗೆ ಹೋಗಿ ಘಾಟಿ ಇಳಿದು ಬಂದ ಕಾರಿಗೆ ಕೆಂಪು ಮಣ್ಣೂ ಡಾಂಬರಿನ ಚುಕ್ಕೆಗಳೂ ಅಂಟಿರುತ್ತವೆ. ಡಾಂಬರಿಗೆ ಬೇರೆ ದ್ರಾವಣವೇ ಬೇಕು, ಉಗುರಿನಿಂದ ಕೆರೆಯಬಾರದು.

ಮುಂಬೈಯವರು ವಿಶೇಷವಾಗಿ ಗಮನಿಸಬೇಕಾದದ್ದು ಕಬ್ಬಿಣದ ಕಣಗಳನ್ನು. ಲೋಕಲ್ ರೈಲಿನ ಹಳಿಗೆ ಹತ್ತಿರ ನಿಲ್ಲುವ ಕಾರುಗಳ ಮೇಲೆ ಚಕ್ರ ಮತ್ತು ಬ್ರೇಕ್‌ಗಳಿಂದ ಹಾರಿದ ಸಣ್ಣ ಲೋಹಕಣಗಳು ಕುಳಿತು, ಇಲ್ಲಿನ ತೇವದ ಗಾಳಿಯಲ್ಲಿ ತುಕ್ಕು ಹಿಡಿದು, ಕ್ಲಿಯರ್ ಕೋಟಿಗೆ ಕಚ್ಚಿಕೊಳ್ಳುತ್ತವೆ. ಐರನ್ ರಿಮೂವರ್ ಸಿಂಪಡಿಸಿದರೆ ಅವು ಇರುವಲ್ಲಿ ದ್ರವ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದು ಒಣಗುವ ಮುನ್ನವೇ ನೀರು ಹಾಕಿ ತೊಳೆಯಿರಿ. ಬಳಿಕ ತೆಳ್ಳಗಿನ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ಟನ್ನು ಸವರಿದರೆ, ಬರಿಗೈಗೆ ತಿಳಿಯದ ತರಿತರಿಯೂ ಗೊತ್ತಾಗುತ್ತದೆ. ಹಾಗೆ ತರಿಯಿದ್ದಲ್ಲಿ ಜಾರುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಅಂಟಿದ ಕಣಗಳನ್ನು ಎತ್ತುವ ಮೆದು ಜೇಡಿಯಂಥ ಕ್ಲೇ ಬಾರ್‌ನಿಂದ ಒತ್ತಡವಿಲ್ಲದೆ ಉಜ್ಜಿ. ಕ್ಲೇ ನೆಲಕ್ಕೆ ಬಿದ್ದರೆ ಎಷ್ಟೇ ದುಬಾರಿಯಾಗಿದ್ದರೂ ಎಸೆದುಬಿಡಿ, ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು.

ಒಣಗಿಸಿದ ಮೇಲೆ ಕಾರನ್ನು ನೆರಳಿಗೆ, ಸಾಧ್ಯವಾದರೆ ಬೇಸ್‌ಮೆಂಟಿಗೆ ತನ್ನಿ. ಪ್ಲಗ್ ಪಾಯಿಂಟಿಗಾಗಿ ಸೊಸೈಟಿಯ ಸೆಕ್ರೆಟರಿಯ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಒಳ್ಳೆಯದು. ಕಪ್ಪು ಲೋಹ ಬಿಸಿಲನ್ನು ಹೀರಿ ಸುಡುತ್ತಿರುವಾಗ ಪಾಲಿಶ್ ಹಚ್ಚಿದರೆ ಅದು ಕ್ಷಣದಲ್ಲಿ ಒಣಗಿ ಕಲೆಯಾಗುತ್ತದೆ. ಕಪ್ಪು ರಬ್ಬರ್ ಪಟ್ಟಿ, ಲೋಗೋ ಮತ್ತು ಬಾಡಿಯ ಚೂಪು ಅಂಚುಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚುಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳುವಾಗಿರುತ್ತದೆ.

ಮಷಿನ್ ಯಾವುದು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಹೊಸಬರು ಡ್ಯುಯಲ್ ಆಕ್ಷನ್ ಪಾಲಿಶರ್ ಬಿಟ್ಟು ಬೇರೇನನ್ನೂ ಹಿಡಿಯಬಾರದು. ಅದರ ಪ್ಯಾಡ್ ತಿರುಗುವುದರ ಜೊತೆಗೆ ಅತ್ತಿತ್ತ ಓಲಾಡುವುದರಿಂದ ಬಿಸಿ ಒಂದೇ ಕಡೆ ಸೇರುವುದಿಲ್ಲ, ಅತಿಯಾಗಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ. ರಸ್ತೆಬದಿಯಲ್ಲಿ ರಬ್ಬಿಂಗ್ ಪಾಲಿಶ್ ಮಾಡಲು ಬಳಸುವ ರೋಟರಿ ಮಷಿನ್ ಪಳಗಿದ ಕೈಯಲ್ಲಿ ಅದ್ಭುತ ಕೆಲಸ ಮಾಡಬಲ್ಲದು. ಪಳಗದ ಕೈಯಲ್ಲಿ ಅಂಚಿನ ಬಣ್ಣವನ್ನು ಸುಟ್ಟುಬಿಡುತ್ತದೆ, ಇಲ್ಲವೇ ಕಪ್ಪು ಬಣ್ಣದ ಮೇಲೆ ಬಿಸಿಲಿಗೆ ಅಲೆಅಲೆಯಾಗಿ ಮಿನುಗುವ ಹೊಲೊಗ್ರಾಮ್ ಗುರುತುಗಳನ್ನು ಬಿಡುತ್ತದೆ.

ಇಡೀ ಕಾರಿಗೆ ಕೈ ಹಾಕುವ ಮೊದಲು ಬಾನೆಟ್ಟಿನ ಮೇಲೆ ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷೆ ಮಾಡಲೇಬೇಕು. ಮೆದು ಫೋಮ್ ಪ್ಯಾಡ್ ಮತ್ತು ಅತಿ ನಯವಾದ ಪಾಲಿಶ್‌ನಿಂದ ಆರಂಭಿಸಿ. ಕಡಲೆಕಾಳಿನಷ್ಟು ದೊಡ್ಡ ಮೂರು ನಾಲ್ಕು ಹನಿಗಳನ್ನು ಪ್ಯಾಡಿಗೆ ಹಾಕಿ, ಮಷಿನ್ ನಿಂತಿರುವಾಗಲೇ ಬಣ್ಣದ ಮೇಲೆ ಒತ್ತಿ ಒತ್ತಿ ಹರಡಿ, ಆಮೇಲೆ ಕಡಿಮೆ ವೇಗದಲ್ಲಿ ಸವರಿ, ಅನಂತರ ವೇಗಕ್ಕೆ ಒಂದರಿಂದ ಆರರವರೆಗೆ ಅಂಕಿಗಳಿರುವ ಮಷಿನ್ನಿನಲ್ಲಿ ನಾಲ್ಕು ಅಥವಾ ಐದಕ್ಕೆ ಏರಿಸಿ. ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಸೆಕೆಂಡಿಗೆ ಒಂದು ಅಂಗುಲದಷ್ಟು ನಿಧಾನವಾಗಿ ಸಾಗಬೇಕು. ಅವಸರದಿಂದ ಕೈ ಓಡಿಸಿದರೆ ಪಾಲಿಶ್ ಹಾರುತ್ತದೆಯೇ ಹೊರತು ಗೀರು ಹೋಗುವುದಿಲ್ಲ. ಪ್ಯಾಡ್ ಕೂರುವ ತಟ್ಟೆಯ ಬದಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಅದು ತಿರುಗುತ್ತಿದೆಯೋ ನಿಂತಿದೆಯೋ ಎಂಬುದು ಕಣ್ಣಿಗೆ ಕಾಣುತ್ತದೆ.

ಒರೆಸಿದ ಮೇಲೆ ಕಾಣುವ ಹೊಳಪನ್ನು ಕೂಡಲೇ ನಂಬಬೇಡಿ. ಪಾಲಿಶ್‌ನ ಎಣ್ಣೆ ಗೀರುಗಳಲ್ಲಿ ಕುಳಿತು ಅವನ್ನು ಮರೆಮಾಚುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಆ ಚೌಕವನ್ನು ಒರೆಸಿ, ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಆಗ ಕಾಣುವುದೇ ನಿಜವಾದ ಫಲ. ಸಾಲದಿದ್ದರೆ ಪಾಲಿಶನ್ನು ಇನ್ನೊಂದು ಮೆಟ್ಟಿಲು ತೀಕ್ಷ್ಣಗೊಳಿಸಿ, ಅದೂ ಸಾಲದಿದ್ದರೆ ಪ್ಯಾಡನ್ನು. ಕಾಂಪೌಂಡ್, ಅಂದರೆ ಹೆಚ್ಚು ಸವೆಸುವ ತೀಕ್ಷ್ಣ ಪಾಲಿಶ್ ಬಳಸಿದಲ್ಲಿ ಕಪ್ಪು ಬಣ್ಣದ ಮೇಲೆ ತೆಳುವಾದ ಮಂಕು ಉಳಿಯುತ್ತದೆ, ಆದ್ದರಿಂದ ಕೊನೆಗೆ ನಯವಾದ ಫಿನಿಶಿಂಗ್ ಪಾಲಿಶ್‌ನ ಇನ್ನೊಂದು ಸುತ್ತು ಅನಿವಾರ್ಯ. ಪ್ಯಾಡಿನ ಮೇಲೆ ಕಾರಿನ ಕಪ್ಪು ಬಣ್ಣವೇ ಮೂಡತೊಡಗಿದರೆ ತಕ್ಷಣ ನಿಲ್ಲಿಸಿ: ಅಲ್ಲಿ ಕ್ಲಿಯರ್ ಕೋಟ್ ಇಲ್ಲ ಅಥವಾ ಮುಗಿದಿದೆ ಎಂದರ್ಥ.

ಪರೀಕ್ಷೆಯಲ್ಲಿ ಒಪ್ಪಿಗೆಯಾದ ಪ್ಯಾಡ್ ಮತ್ತು ಪಾಲಿಶ್ ಜೋಡಿಯನ್ನೇ ಇಡೀ ಕಾರಿಗೆ ಬಳಸಿ. ಪ್ರತಿ ಚೌಕ ಮುಗಿದಾಗಲೂ ಪ್ಯಾಡನ್ನು ಬ್ರಷ್‌ನಿಂದ ಸ್ವಚ್ಛಗೊಳಿಸಿ. ಆಳದಲ್ಲಿ ಉಳಿದ ಒಂದೆರಡು ಗೀರುಗಳನ್ನು ಹಾಗೆಯೇ ಬಿಡುವ ಮನಸ್ಸು ಮಾಡಿ; ಟಾರ್ಚಿಗೆ ಮಾತ್ರ ಕಾಣುವ ಗೀರಿಗಾಗಿ ಹಲವು ಮೈಕ್ರಾನ್ ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಅನಂತರ ಬಣ್ಣದ ರಕ್ಷಣೆಗೆ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ಸೆರಾಮಿಕ್ ಕೋಟಿಂಗ್ ಹಾಕುವವರು ಮಳೆಗಾಲ ಮುಗಿಯುವವರೆಗೆ ಕಾಯಬೇಕು, ಏಕೆಂದರೆ ಹಚ್ಚಿದ ಮೊದಲ ದಿನ ಅದಕ್ಕೆ ನೀರು ತಾಗಬಾರದು. ಸೆರಾಮಿಕ್ ಇದ್ದ ಮಾತ್ರಕ್ಕೆ ಗೀರು ಬೀಳುವುದಿಲ್ಲ ಎಂದು ಹೇಳಿ ಮಾರುವವರ ಮಾತಿಗೆ ಮರುಳಾಗಬೇಡಿ. ಅದು ತೊಳೆಯುವುದನ್ನು ಸುಲಭಗೊಳಿಸುತ್ತದೆ, ಮರಳನ್ನು ತಡೆಯುವುದಿಲ್ಲ.

ಮರುದಿನದಿಂದಲೇ ಬೆಳಗಿನ ಒರೆಸುವಿಕೆ ನಿಲ್ಲಬೇಕು, ಇಲ್ಲದಿದ್ದರೆ ಇಷ್ಟು ಶ್ರಮವೂ ಕೆಲವೇ ವಾರಗಳಲ್ಲಿ ವ್ಯರ್ಥ. ಕಾರು ಒರೆಸುವವರಿಗೆ ತಿಂಗಳ ಹಣವನ್ನು ಎಂದಿನಂತೆ ಕೊಟ್ಟು, ಗಾಜು ಮತ್ತು ಚಕ್ರಗಳನ್ನಷ್ಟೇ ನೋಡಿಕೊಳ್ಳಲು ಹೇಳುವುದು ಎಲ್ಲರಿಗೂ ಒಪ್ಪುವ ದಾರಿ. ಪೈಪಿನಿಂದ ನೀರು ಬಿಡಲು ಅನುಮತಿಯಿಲ್ಲದ ಸೊಸೈಟಿಗಳಲ್ಲಿ, ಮತ್ತೆ ನೀರು ಸುರಿದು ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ವಾಶ್ ದ್ರಾವಣವನ್ನು ಒಂದು ಬಕೆಟ್ ನೀರಿಗೆ ಬೆರೆಸಿ, ಹಲವು ಮೈಕ್ರೋಫೈಬರ್ ಬಟ್ಟೆಗಳನ್ನು ಅದರಲ್ಲಿ ನೆನೆಸಿ, ಒಂದೊಂದು ಭಾಗಕ್ಕೂ ಬಟ್ಟೆಯ ಹೊಸ ಮಗ್ಗುಲನ್ನು ಬಳಸಿ ವಾರಕ್ಕೊಮ್ಮೆ ತೊಳೆಯಬಹುದು. ಆಯುಧಪೂಜೆಗೆ ಬಾನೆಟ್ಟಿಗೆ ಹಚ್ಚಿದ ಗಂಧ, ಅರಿಸಿನ, ಕುಂಕುಮಗಳನ್ನು ಒಣಬಟ್ಟೆಯಿಂದ ಉಜ್ಜದೆ ನೀರಿನಲ್ಲಿ ನೆನೆಸಿ ಇಳಿಸಿ. ಧೂಳು ಕುಳಿತ ಕಾರಿನ ಮೇಲೆ ಕವರ್ ಹೊದಿಸಬೇಡಿ, ಗಾಳಿಗೆ ಅದು ಅಲುಗಿದಷ್ಟು ಸಲವೂ ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ.