ಚಾರ್ಮಾಡಿ ರೀಲ್ ಗೂಗಲ್‌ಗೆ ಹತ್ತಿದ್ದು

"ಗೂಗಲ್‌ಗೂ ಇನ್‌ಸ್ಟಾಗ್ರಾಂಗೂ ಏನು ಸಂಬಂಧ ಮಾರಾಯ, ಸುಮ್ನೆ ಆ್ಯಡ್ ಹಾಕು" ಅಂದವರೇ ಈಗ ಫೋನ್ ಮಾಡಿ, ಇನ್‌ಸ್ಟಾಗ್ರಾಂ ರೀಲ್ ಗೂಗಲ್‌ನಲ್ಲಿ ಬರೋ ಹಾಗೆ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದ ಸುತ್ತಮುತ್ತ ನಾಲ್ಕೈದು ಹೋಮ್‌ಸ್ಟೇಗಳ ಆನ್‌ಲೈನ್ ಕೆಲಸ ನನ್ನದು. ಮಳೆಗಾಲದಲ್ಲಿ ಜನ ಹುಡುಕುವುದು ರೂಮನ್ನಲ್ಲ, ಘಾಟಿ ಓಪನ್ ಇದೆಯಾ ಅಂತ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ಮೇಲಂತೂ ಆ ಭಯ ಹೋಗಿಲ್ಲ.

ಮೊದಲು ವೆಬ್‌ಸೈಟ್‌ನಲ್ಲೇ ರಸ್ತೆ ಸುದ್ದಿಗೆ ಒಂದು ಪುಟ ಮಾಡಿದೆ. ಗೂಗಲ್ ಮತ್ತೆ ಬಂದು ನೋಡುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಆ್ಯಡ್‌ಗೆ ತಿಂಗಳಿಗೆ ಎಂಟೊಂಬತ್ತು ಸಾವಿರ ಸುರಿದೆವು. ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಜನ ರಸ್ತೆ ವಿಚಾರಿಸಿ ಇಟ್ಟುಬಿಟ್ಟರು. ಎಕ್ಸ್‌ನಲ್ಲೂ, ಅಂದರೆ ಹಳೇ ಟ್ವಿಟರ್‌ನಲ್ಲೂ, ಹಾಕಿ ನೋಡಿದೆ. 2015ರಲ್ಲಿ ಟ್ವಿಟರ್ ಜೊತೆ ಮತ್ತೆ ಒಪ್ಪಂದ ಆದಾಗಿಂದ ಗೂಗಲ್ ಟ್ವೀಟ್ ತೋರಿಸುತ್ತೆ, ನಿಜ. ಆದರೆ ಮುನ್ನೂರು ಫಾಲೋವರ್ ಇರುವ ನಮ್ಮಂಥವರಿಗೆ ಅಲ್ಲಿ ಜಾಗ ಸಿಗಲಿಲ್ಲ.

2025ರ ಜುಲೈ 10ರಿಂದ ಪ್ರೊಫೆಷನಲ್ (ವ್ಯಾಪಾರದವರು, ಕ್ರಿಯೇಟರ್‌ಗಳು ಬಳಸುವ) ಖಾತೆಗಳ ಪಬ್ಲಿಕ್ ಪೋಸ್ಟ್‌ಗಳು ಗೂಗಲ್ ಸರ್ಚ್‌ನಲ್ಲಿ ಬರಲು ಇನ್‌ಸ್ಟಾಗ್ರಾಂ ದಾರಿ ಬಿಟ್ಟಿತು. ಪರ್ಸನಲ್ ಆಗಿದ್ದ ಖಾತೆಗಳನ್ನೆಲ್ಲ ಬದಲಾಯಿಸಿದೆ. ಬೆಳಿಗ್ಗೆ ಘಾಟಿ ಇಳಿಯುವ ಜೀಪ್ ಡ್ರೈವರ್‌ಗೆ ರೀಲ್‌ಗೆ ನೂರು ರೂಪಾಯಿ. ತಿರುವಿನಲ್ಲಿ ನಿಲ್ಲಿಸಿ ಮಂಜು, ಎದುರು ಬರುವ ಹೆಡ್‌ಲೈಟು, ರಸ್ತೆ ಮೇಲೆ ಹರಿಯುವ ನೀರು ತೆಗೆದು ಕಳಿಸುತ್ತಾನೆ.

"ಮಂಜಿನ ಮುಂಜಾನೆ" ಅಂತೆಲ್ಲ ಬರೆದ ಕ್ಯಾಪ್ಷನ್‌ಗಳು ಎಲ್ಲೂ ಬರಲಿಲ್ಲ. ಗೂಗಲ್‌ನಲ್ಲಿ ಟೈಟಲ್ ಆಗಿ ಹೆಚ್ಚಾಗಿ ಕಾಣುವುದು ಕ್ಯಾಪ್ಷನ್ನಿನ ಮೊದಲ ಸಾಲು. ಹಾಗಾಗಿ "ಚಾರ್ಮಾಡಿ ಘಾಟಿ ಇವತ್ತು, ಜುಲೈ 28, ಬೆಳಿಗ್ಗೆ 7: ಕಾರು ಹೋಗುತ್ತಿವೆ, ಮಂಜು ಜಾಸ್ತಿ" ಅಂತ ಶುರು ಮಾಡಿದೆ. ಎರಡನೇ ಸಾಲು ಅದೇ ಇಂಗ್ಲಿಷ್‌ನಲ್ಲಿ. ಮೂರನೇ ಸಾಲಿನಲ್ಲಿ ಏನು ಹಾಕುತ್ತೇನೆ ಅಂತ ಕೇಳಬೇಡಿ, ಹೊಟ್ಟೆಪಾಡು.

ಇವತ್ತಿನ ರೀಲ್ ಇವತ್ತೇ ಗೂಗಲ್‌ಗೆ ಹತ್ತುವುದಿಲ್ಲ, ಒಂದೆರಡು ದಿನ ಬೇಕು. ಪರವಾಗಿಲ್ಲ. ಮೊನ್ನೆಯ ರೀಲ್ ಸಿಕ್ಕವರು ಪ್ರೊಫೈಲ್‌ಗೆ ಬಂದೇ ಬರುತ್ತಾರೆ, ಇವತ್ತಿನದು ಅಲ್ಲಿ ಮೇಲೇ ಇರುತ್ತೆ. ಆ್ಯಡ್ ಹಾಕು ಅಂದವರಿಗೆ ಹೊಳೆಯದೇ ಇದ್ದದ್ದು ಇದೇ.

ಮಂಗಳೂರಿನವರಿಗೆ ಅಂತ ತುಳು ಕ್ಯಾಪ್ಷನ್ನೂ ಹಾಕಿದ್ದೆ. ನಗುವ ಕಾಮೆಂಟ್ ಬಂತು, ಸರ್ಚ್ ಬರಲಿಲ್ಲ. ಗೂಗಲ್‌ನಲ್ಲಿ ತುಳು ಯಾರು ಟೈಪ್ ಮಾಡ್ತಾರೆ, ಅಲ್ವಾ?

ಆ ಮಳೆಗಾಲ ನೇರ ಬುಕಿಂಗ್ ನಲವತ್ತರ ಮೇಲೆ ಆಗಿರಬೇಕು. ಬುಕಿಂಗ್ ಸೈಟ್ ಕಮಿಷನ್ನೇ ಮೂವತ್ತು ಸಾವಿರದ ಹತ್ತಿರ ಉಳಿಯಿತು.

ವೆಬ್‌ಸೈಟ್ ಮಾತ್ರ ಬಿಟ್ಟಿಲ್ಲ. 2009ರ ಡಿಸೆಂಬರ್‌ನಲ್ಲಿ ಗೂಗಲ್ ಲೈವ್ ಟ್ವೀಟ್ ತೋರಿಸಲು ಶುರು ಮಾಡಿತು. 2011ರ ಜುಲೈನಲ್ಲಿ ಒಪ್ಪಂದ ಮುಗಿದದ್ದೇ ತಡ, ಎಲ್ಲಾ ಮಾಯ. ಇನ್‌ಸ್ಟಾಗ್ರಾಂದೂ ಹಾಗೇ ಆಗಬಹುದು, ಅದಕ್ಕೆ ಪ್ರತಿ ಕ್ಯಾಪ್ಷನ್ನೂ ಸೈಟ್‌ಗೂ ಹಾಕುತ್ತೇನೆ. ಈ ಕೆಲಸಕ್ಕೆ ತಿಂಗಳಿಗೆ ಐನೂರು ಜಾಸ್ತಿ. ಒಬ್ಬ ಓನರ್ ಇನ್ನೂ ಕೊಟ್ಟಿಲ್ಲ.