ಹೊಸದಾಗಿ ಬಂದ ಕುಟುಂಬದ ಮೊದಲ ಮೂವತ್ತು ದಿನ: ಬೆಂಗಳೂರಿನ ಬಡಾವಣೆಗಳಿಗೊಂದು ಕೈಪಿಡಿ

ಖಾಲಿ ಸೈಟಿನಲ್ಲಿ ಬೆಳಗಾಗುವುದರೊಳಗೆ ನಾಲ್ಕು ನೀಲಿ ಟಾರ್ಪಾಲು ಎದ್ದಿರುತ್ತವೆ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ಯಾರಿವರು, ಎಲ್ಲಿಂದ ಬಂದರು?" ಎಂಬ ಪ್ರಶ್ನೆ ಶುರುವಾಗುತ್ತದೆ. ಆ ಪ್ರಶ್ನೆಯನ್ನು ಅವರನ್ನೇ ಕೇಳಬೇಕು, ಅದೂ ಮೊದಲ ವಾರದಲ್ಲೇ. ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರಿರಬಹುದು. ಒಡಿಶಾ, ಬಂಗಾಳ, ಅಸ್ಸಾಂ, ಬಿಹಾರದವರಿರಬಹುದು. ನೇಪಾಳದವರು, ಅಪರೂಪಕ್ಕೆ ಬೇರೆ ದೇಶದ ನಿರಾಶ್ರಿತರೂ ಇರಬಹುದು. ಮಗುವಿನ ಶಾಲೆ, ಬಸುರಿಯ ತಪಾಸಣೆ, ತಿಂಗಳ ಅಕ್ಕಿ ಮೂರೂ ಮೊದಲ ತಿಂಗಳಲ್ಲಿ ದಾರಿಗೆ ಬರಬೇಕು. ಆ ತಿಂಗಳು ಕೈತಪ್ಪಿದರೆ ವರ್ಷವೇ ಕೈತಪ್ಪುತ್ತದೆ. ಕ್ಷೇಮಾಭಿವೃದ್ಧಿ ಸಂಘ, ಯುವಕ ಸಂಘ, ದೇವಸ್ಥಾನ, ಮಸೀದಿ, ಚರ್ಚಿನ ಸಮಿತಿ, ಸಣ್ಣ ಸೇವಾಸಂಸ್ಥೆ, ಯಾರು ಬೇಕಾದರೂ ಈ ಕೆಲಸ ಮಾಡಬಹುದು.

ಒಂದು ಕುಟುಂಬಕ್ಕೆ ಒಬ್ಬ ಜೊತೆಗಾರ

ಸಮಿತಿ ಮಾಡುವ ಮೊದಲು ಜೊತೆಗಾರರನ್ನು ಹುಡುಕಿ. ಹತ್ತು ಜನ ಹತ್ತು ಕೆಲಸ ಹಂಚಿಕೊಂಡರೆ ಆ ಮನೆಯವರು ಅದೇ ಕಥೆಯನ್ನು ಹತ್ತು ಸಲ ಹೇಳಬೇಕಾಗುತ್ತದೆ, ಕೊನೆಗೆ ಯಾವ ಕೆಲಸ ಯಾರ ಹತ್ತಿರ ನಿಂತಿತು ಎಂಬುದೇ ಗೊತ್ತಾಗುವುದಿಲ್ಲ. ಒಬ್ಬರಿಗೆ ಹೆಚ್ಚೆಂದರೆ ಮೂರು ಕುಟುಂಬ. ವಾರಕ್ಕೆ ಎರಡು ಗಂಟೆ, ಜೊತೆಗೆ ಆಸ್ಪತ್ರೆಗೋ ಶಾಲೆಗೋ ಹೋಗುವ ಒಂದು ಬೆಳಗ್ಗೆ. ಜೊತೆಗಾರರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಬಸಿರು, ಮುಟ್ಟು, ಗಂಡನ ಕುಡಿತ ಇವೆಲ್ಲ ಗಂಡಸಿನ ಮುಂದೆ ಬಾಯಿಗೆ ಬರುವ ಮಾತುಗಳಲ್ಲ.

ಕೆಲಸದ ದಿನ ಬೆಳಗ್ಗೆ 8ರಿಂದ ಸಂಜೆ 6ರವರೆಗೆ ಶೆಡ್ಡಿನಲ್ಲಿ ದೊಡ್ಡವರು ಸಿಗುವುದಿಲ್ಲ. ಭಾನುವಾರ ಮಧ್ಯಾಹ್ನ, ಸಂತೆ ಮುಗಿಸಿ ಬಂದ ಮೇಲೆ ಹೋಗಿ. ನಿಮ್ಮ ಹೆಸರು, ಮನೆ ಎಲ್ಲಿ, ಯಾಕೆ ಬಂದಿರಿ, ಈ ಮೂರನ್ನು ಮೊದಲು ಹೇಳಿ. ಪ್ರಶ್ನೆ ಕೇಳುವ ಅಪರಿಚಿತರೆಲ್ಲ ಅವರ ಪಾಲಿಗೆ ಪೊಲೀಸರೋ ಜಾಗ ಖಾಲಿ ಮಾಡಿಸಲು ಬಂದವರೋ ಆಗಿರುತ್ತಾರೆ. ಮೊದಲ ಭೇಟಿಯಲ್ಲಿ ಫೋಟೊ ಬೇಡ, ಫಾರಂ ಬೇಡ, ಆಧಾರ್ ಕೇಳುವುದೂ ಬೇಡ. ನಾಲ್ಕು ವಿಷಯ ತಿಳಿದರೆ ಸಾಕು: ಮನೆಯಲ್ಲಿ ಬಸುರಿ ಅಥವಾ ಕಾಯಿಲೆಯವರು ಇದ್ದಾರೆಯೇ, ಮಕ್ಕಳ ವಯಸ್ಸೆಷ್ಟು, ಕರೆತಂದ ಮೇಸ್ತ್ರಿ ಯಾರು, ಮನೆಯಲ್ಲಾಡುವ ಭಾಷೆ ಯಾವುದು.

ಮೂಲ ದಾಖಲೆಗಳನ್ನು ಒಂದು ರಾತ್ರಿಯ ಮಟ್ಟಿಗೂ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. "ಜೋಪಾನವಾಗಿ ಇಡುತ್ತೇನೆ" ಎಂದು ಆಧಾರ್ ಕಾರ್ಡು ಇಸಿದುಕೊಂಡು ಹಿಡಿತ ಸಾಧಿಸುವ ಗುತ್ತಿಗೆದಾರರನ್ನು ಇವರು ಈಗಾಗಲೇ ಕಂಡಿರುತ್ತಾರೆ.

ಅಡುಗೆಮನೆ ಮೊದಲು

ಹಳೇ ಬಟ್ಟೆಯ ರಾಶಿ ತಂದು ಸುರಿಯಬೇಡಿ. ಅರ್ಧ ಬಟ್ಟೆ ಮಳೆಯಲ್ಲಿ ನೆನೆದು ಶೆಡ್ಡಿನ ಪಕ್ಕದ ಚರಂಡಿ ಕಟ್ಟುತ್ತದೆ, ಆಮೇಲೆ ಕಸ ಹಾಕಿದ ಅಪವಾದವೂ ಅವರ ಮೇಲೇ ಬರುತ್ತದೆ. ನಾಲ್ಕು ಜನರ ಮನೆಗೆ ಎರಡು ವಾರಕ್ಕೆ ಲೆಕ್ಕ ಹೀಗಿಡಿ: ಅಕ್ಕಿ 15 ಕೆಜಿ, ಬೇಳೆ 2 ಕೆಜಿ, ಎಣ್ಣೆ 1 ಲೀಟರ್, ಉಪ್ಪು 1 ಕೆಜಿ, ಈರುಳ್ಳಿ ಮತ್ತು ಆಲೂಗಡ್ಡೆ ತಲಾ 3 ಕೆಜಿ, ಬಟ್ಟೆ ಸೋಪು, ಮುಚ್ಚಳವಿರುವ 20 ಲೀಟರಿನ ನೀರಿನ ಕ್ಯಾನು, ಸೊಳ್ಳೆಪರದೆ ಎರಡು. ತರುವ ಮೊದಲು ಏನು ಉಣ್ಣುತ್ತಾರೆಂದು ಕೇಳಿ. ಯಾದಗಿರಿಯವರಿಗೆ ಅರ್ಧ ಅಕ್ಕಿಯ ಬದಲು ಜೋಳದ ಹಿಟ್ಟು, ಬಂಗಾಳ ಮತ್ತು ಒಡಿಶಾದವರಿಗೆ ಕುಸುಬಲಕ್ಕಿ ಮತ್ತು ಸಾಸಿವೆ ಎಣ್ಣೆ, ಬಿಹಾರದವರಿಗೆ ಗೋಧಿ ಹಿಟ್ಟು.

ಒಲೆಯ ವಿಷಯದಲ್ಲಿ ಎಚ್ಚರ ಬೇಕು. ಸಣ್ಣ ಸಿಲಿಂಡರಿಗೆ ಕದ್ದು ಗ್ಯಾಸ್ ತುಂಬಿಕೊಡುವ ಅಂಗಡಿಗಳಿವೆ. ಟಾರ್ಪಾಲಿನ ಶೆಡ್ಡಿನಲ್ಲಿ ಅದು ಸೋರಿದರೆ ಸಾಲಿಗೆ ಸಾಲೇ ಉರಿದುಹೋಗುತ್ತದೆ. ಇಂಡಿಯನ್ ಆಯಿಲ್‌ನ 5 ಕೆಜಿ 'ಛೋಟು' ಸಿಲಿಂಡರಿಗೆ ವಿಳಾಸದ ಪುರಾವೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಗ್ಯಾಸ್ ಏಜೆನ್ಸಿಯಲ್ಲೂ ಕೆಲವು ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ. ಮೊದಲ ಸಿಲಿಂಡರಿನ ಹಣ ಸಂಘದಿಂದ ಕೊಡಿ. ಸಂಘದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚು ನಮಗೆ ಕಾಣುವುದಿಲ್ಲ.

ಪಡಿತರ: ಕಾರ್ಡು ಊರಲ್ಲಿದ್ದರೂ ಅಕ್ಕಿ ಇಲ್ಲೇ

ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ 2022ರಿಂದ ಎಲ್ಲ ರಾಜ್ಯಗಳಲ್ಲೂ ಇದೆ. ಊರಿನ ಕಾರ್ಡಿನ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ, ಬೆರಳು ಒತ್ತಿ, ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ತೆಗೆದುಕೊಳ್ಳಬಹುದು. ಆಧಾರ್ ವಿಳಾಸ ಬದಲಿಸಬೇಕಿಲ್ಲ. ಆದ್ಯತಾ (ಬಿಪಿಎಲ್) ಕಾರ್ಡಿನ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ. ಊರಲ್ಲಿ ಉಳಿದ ಅಜ್ಜ-ಅಜ್ಜಿ ತಮ್ಮ ಪಾಲನ್ನು ಅಲ್ಲೇ ತೆಗೆದುಕೊಂಡು, ಇಲ್ಲಿರುವವರು ತಮ್ಮ ಪಾಲನ್ನು ಇಲ್ಲೇ ಪಡೆಯಲೂ ಬರುತ್ತದೆ. ಬೇರೆ ರಾಜ್ಯದ ಕಾರ್ಡಿಗೆ ಕೇಂದ್ರದ ಪಾಲು ಮಾತ್ರ ಸಿಗುತ್ತದೆ, ಆಯಾ ರಾಜ್ಯ ಕೊಡುವ ಹೆಚ್ಚುವರಿ ಸಿಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಅಂಗಡಿಯವರು ತೂಕದಲ್ಲಿ ಮೋಸ ಮಾಡಿದರೆಂಬ ಜಗಳ ಖಚಿತ.

ಕೆಲಸ ಕೆಡುವುದು ಬೆರಳಿನಲ್ಲಿ. ಸಿಮೆಂಟು ಕಲಸಿ ಬೆರಳಚ್ಚು ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಸವರಿ, ಬೆಳಗ್ಗೆ ಸೋಪಿನಲ್ಲಿ ತೊಳೆದು ಒರೆಸಿಕೊಂಡು ಹೋಗಲು ಹೇಳಿ. ಹತ್ತೂ ಬೆರಳು ಪ್ರಯತ್ನಿಸಲಿ. ಆಗದಿದ್ದರೆ ಮನೆಯಲ್ಲಿ ಗಾರೆ ಕೆಲಸ ಮಾಡದ, ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರನ್ನು ಕಳಿಸಿ. "ಹೊರಗಿನ ಕಾರ್ಡಿಗೆ ಕೊಡಲ್ಲ" ಎಂದರೆ ಅಂಗಡಿಯ ಮುಂದೆ ನಿಂತೇ 14445ಕ್ಕೆ ಕರೆ ಮಾಡಿ.

ಹಾಗೆಯೇ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಗೆ ಮಾತ್ರ. ರಾಯಚೂರಿನ ಹೆಣ್ಣುಮಗಳಿಗೆ ಉಂಟು, ಒಡಿಶಾದವಳಿಗೆ ಇಲ್ಲ. ಕಂಡಕ್ಟರ್ ಹತ್ತಿರ ಅವಮಾನವಾಗುವ ಮೊದಲೇ ಹೇಳಿಬಿಡಿ.

ಆರೋಗ್ಯ

ಬಸುರಿಯರಿದ್ದರೆ ಅದೇ ವಾರ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತಾಯಿ ಕಾರ್ಡ್ (ಬಸುರಿಯ ತಪಾಸಣೆಯ ದಾಖಲೆ) ಮಾಡಿಸಿ. ಊರಿನಲ್ಲಿ ಮಾಡಿಸಿದ ಕಾರ್ಡಿದ್ದರೆ ಕೊಂಡೊಯ್ಯಿರಿ, ಇಲ್ಲದಿದ್ದರೂ ಹೋಗಿ. ಮಕ್ಕಳ ಲಸಿಕೆ ಸಾಮಾನ್ಯವಾಗಿ ಗುರುವಾರ. ಯಾವ ಲಸಿಕೆ ಆಗಿದೆಯೆಂದು ತಾಯಿಗೆ ನೆನಪಿಲ್ಲವೆಂದರೆ, ಎಡ ತೋಳಿನ ಮೇಲಿನ ಬಿಸಿಜಿ (ಕ್ಷಯದ ಲಸಿಕೆ) ಗುರುತು ನೋಡಿ ನರ್ಸ್ ಅಂದಾಜು ಮಾಡುತ್ತಾರೆ, ಉಳಿದದ್ದನ್ನು ಅಲ್ಲಿಂದ ಮುಂದುವರಿಸುತ್ತಾರೆ.

ಕ್ಷಯದ ಬಗ್ಗೆ ಬಿಡಿಸಿ ಕೇಳಿ, ತಾವಾಗಿ ಹೇಳುವುದಿಲ್ಲ. ಆರು ತಿಂಗಳ ಮಾತ್ರೆಯಲ್ಲಿ ಎರಡು ತಿಂಗಳು ನುಂಗಿ, ಮೈ ಹಗುರಾಯಿತೆಂದು ಬಿಟ್ಟು ರೈಲು ಹತ್ತಿದವರಿರುತ್ತಾರೆ. ಊರಿನ ಆಸ್ಪತ್ರೆ ಚೀಟಿಯಲ್ಲಿ ನಿಕ್ಷಯ್ (ಕ್ಷಯರೋಗಿಗಳ ಸರ್ಕಾರಿ ದಾಖಲೆ) ಸಂಖ್ಯೆ ಇರುತ್ತದೆ. ಅದನ್ನು ತೋರಿಸಿದರೆ ಚಿಕಿತ್ಸೆ ಇಲ್ಲಿಗೆ ವರ್ಗವಾಗುತ್ತದೆ, ಮಾತ್ರೆ ಉಚಿತ.

ಶಾಲೆ

ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು, ಟಿಸಿ ಬಂದಿಲ್ಲವೆಂದು, ದಾಖಲಾತಿಯ ದಿನ ಮುಗಿಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ನವೆಂಬರಿನಲ್ಲಿ ಹೋದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು. ಕರ್ನಾಟಕದ್ದೇ ಶಾಲೆಯಿಂದ ಬಂದ ಮಗುವಾದರೆ ಊರಿನ ಶಾಲೆಗೆ ಫೋನ್ ಮಾಡಿ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಸಂಖ್ಯೆ ಪಡೆಯಿರಿ, ವರ್ಗಾವಣೆ ಅದರ ಮೇಲೆ ನಡೆಯುತ್ತದೆ.

ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ಸಹಿ-ಮೊಹರು ಹಾಕಿಸಿಕೊಳ್ಳಿ. ಮುಖ್ಯಶಿಕ್ಷಕರು ಹಿಂಜರಿದರೆ ಕಾಯ್ದೆಯ ಮಾತು ತೆಗೆಯುವ ಮೊದಲು ಅವರ ಕಷ್ಟ ಕೇಳಿ. ಬೆಂಚು ಸಾಲದು, ಮಗುವಿನ ಭಾಷೆ ಬರುವ ಶಿಕ್ಷಕರಿಲ್ಲ ಎಂಬುದೇ ನಿಜವಾದ ಕಾರಣವಾಗಿರುತ್ತದೆ. ಬೆಂಚಿನ ವ್ಯವಸ್ಥೆ ಸಂಘ ಮಾಡಬಹುದು. ಅಷ್ಟಕ್ಕೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಆ ಮೊಹರಿನ ಪ್ರತಿ ಕೊಡಿ.

ಸೇರಿಸಿದ ಮಕ್ಕಳು ಶಾಲೆ ಬಿಡುವುದು ಮೊದಲ ಮೂರು ವಾರದಲ್ಲೇ ಹೆಚ್ಚು. ಅದಕ್ಕೆ ಮೂರು ಕಾರಣ. ಒಂದು ರಸ್ತೆ: ಶೆಡ್ಡಿನಿಂದ ಶಾಲೆಗೆ ಮುಖ್ಯರಸ್ತೆ ದಾಟಬೇಕಿದ್ದರೆ ಮೊದಲ ಎರಡು ವಾರ ದೊಡ್ಡವರೊಬ್ಬರು ಜೊತೆಗೆ ನಡೆಯಬೇಕು. ಎರಡು ಭಾಷೆ: ಹಿಂದಿನ ಬೆಂಚಿನಲ್ಲಿ ಮೂಕನಂತೆ ಕೂತ ಮಗು ಬರುವುದನ್ನು ನಿಲ್ಲಿಸುತ್ತದೆ. ಮುಂದಿನ ಸಾಲಿನಲ್ಲಿ, ವಾಚಾಳಿಯಾದ ಒಂದು ಮಗುವಿನ ಪಕ್ಕ ಕೂರಿಸಲು ಶಿಕ್ಷಕರನ್ನು ಕೇಳಿಕೊಳ್ಳಿ. ಸಂಜೆ ಒಂದು ಗಂಟೆ ಆಟ-ಮಾತು ಮೂರು ತಿಂಗಳು ನಡೆಸಿ. ಮೂರನೆಯದು ಕಣ್ಣಿಗೆ ಬೀಳದ್ದು: ಮನೆಯಲ್ಲಿ ಕೂಸಿದೆ, ಅದನ್ನು ನೋಡಿಕೊಳ್ಳಲು ಅಕ್ಕ ಉಳಿಯುತ್ತಾಳೆ. ಅಕ್ಕನ ಶಾಲೆ ಸರಿಹೋಗಬೇಕಾದರೆ ತಮ್ಮನ ವ್ಯವಸ್ಥೆ ಮೊದಲು ಆಗಬೇಕು. ಮೂರು ದಾಟಿದ ಮಗುವನ್ನು ಅಂಗನವಾಡಿಗೆ ಸೇರಿಸಿ. ಅದಕ್ಕಿಂತ ಚಿಕ್ಕದಾದರೆ ಶೆಡ್ಡಿನ ಒಬ್ಬ ಹೆಂಗಸಿಗೆ ಸಂಘವೇ ತಿಂಗಳ ಸಂಬಳ ಕೊಟ್ಟು ಐದಾರು ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಬಹುದು.

ಹಾಜರಿ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಮತ್ತು ದಾರ ಕಟ್ಟಿದ ಪೆನ್ನು. ಪ್ರತಿ ಪುಟಕ್ಕೆ ಐದು ಕಾಲಂ: ತಾರೀಖು, ಕೆಲಸ, ಹಾಜರಿ (ಒಂದು ದಿನದ ಕೆಲಸಕ್ಕೆ ಒಂದು), ಖರ್ಚಿ (ಖರ್ಚಿಗೆ ಕೊಟ್ಟ ಹಣ), ಮೇಸ್ತ್ರಿ ಸಹಿ. ತುಂಬಿದ ಸಾಲೊಂದು ಹೀಗಿರುತ್ತದೆ: "12, ಮೂರನೇ ಮಹಡಿ ಪ್ಲಾಸ್ಟರಿಂಗ್, ಒಂದೂವರೆ ಹಾಜರಿ, ಖರ್ಚಿ 300, ಸಹಿ." ಓದಲು ಬಾರದವರು ಹಾಜರಿಗೆ ಗೀಟು ಹಾಕಲಿ, ಅರ್ಧಕ್ಕೆ ಅರ್ಧ ಗೀಟು. ವಾರಕ್ಕೊಮ್ಮೆ ಆ ಪುಟದ ಫೋಟೊ ಜೊತೆಗಾರರಿಗೆ ಬರಲಿ. ವಾರವಾರ ಖರ್ಚಿಗೆಂದು ಸ್ವಲ್ಪ ಕೊಟ್ಟು, ಕೆಲಸ ಮುಗಿದಾಗ ಲೆಕ್ಕ ಮಾಡುವುದು ಈ ಕ್ಷೇತ್ರದ ರೂಢಿ. ಕೊನೆಯ ದಿನ ಮೇಸ್ತ್ರಿ ನಾಪತ್ತೆಯಾದಾಗ ಈ ಪುಸ್ತಕವೊಂದೇ ಆಧಾರ. ಮೊದಲ ದಿನವೇ ಸೈಟಿನ ಗೇಟಿನಲ್ಲಿರುವ ಬಿಲ್ಡರ್ ಬೋರ್ಡಿನ ಫೋಟೊ ತೆಗೆದಿಡಿ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕೆಂಬುದು ಕಾನೂನು. ದೂರಿಗೆ ಕಾರ್ಮಿಕ ಸಹಾಯವಾಣಿ 155214, ಅಥವಾ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ.

ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಆ 90 ದಿನದ ಲೆಕ್ಕ ಹೇಳಲೂ ಇದೇ ಪುಸ್ತಕ ಬೇಕು. ಏಜೆಂಟರ ಕೈಗೆ ಕೊಡಬೇಡಿ.

ಕನ್ನಡ ಕಲಿಸುವುದು

ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ, ಎಂಟು ವಾರ. ಗಂಡಸರಿಗೆ ಊಟವಾದ ಮೇಲೆ, ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಮಧ್ಯಾಹ್ನ ಎರಡರ ಸುಮಾರಿಗೆ. ವರ್ಣಮಾಲೆಯಿಂದ ಶುರುಮಾಡಿದರೆ ಎರಡನೇ ವಾರಕ್ಕೆ ಚಾಪೆ ಖಾಲಿ.

ಮೊದಲ ಪಾಠ "ಬನ್ನಿ, ಹೋಗಿ, ಕೊಡಿ, ಹೇಳಿ, ನಿಲ್ಲಿಸಿ." ಬಹುವಚನವನ್ನೇ ಮೊದಲು ಕಲಿಸಬೇಕು. ಬೀದಿಯಲ್ಲಿ ಕೇಳಿ ಕಲಿತವರು "ಬಾ, ಹೋಗು" ಎಂದು ಹಿರಿಯರಿಗೂ ಅಂದುಬಿಡುತ್ತಾರೆ, ಕೇಳಿದವರಿಗೆ ಸಿಟ್ಟು ಬರುತ್ತದೆ, ತಪ್ಪೇನೆಂದು ಅಂದವರಿಗೆ ತಿಳಿಯುವುದೇ ಇಲ್ಲ. ಎರಡನೆಯದು ಲೆಕ್ಕ: ನೂರರವರೆಗೆ, ಜೊತೆಗೆ ಕಾಲು, ಅರ್ಧ, ಮುಕ್ಕಾಲು, ಒಂದೂವರೆ, ಎರಡೂವರೆ. ಕೂಲಿಯ ಮಾತು, ತರಕಾರಿ, ಬಸ್ಸಿನ ಹೊತ್ತು ಎಲ್ಲ ಇದರ ಮೇಲೆ ನಿಂತಿವೆ. ಮೂರನೆಯದು ಮೈ: "ಇಲ್ಲಿ ನೋವು, ನಿನ್ನೆಯಿಂದ ಜ್ವರ, ಮಗು ಹಾಲು ಕುಡೀತಿಲ್ಲ." ಓದಲು ಬಾರದಿದ್ದರೂ ಕೆಲವು ಪದಗಳನ್ನು ಚಿತ್ರದಂತೆ ಗುರುತಿಸಲಿ: ಅಪಾಯ, ಮಹಿಳೆಯರು, ನಿಲ್ದಾಣ, ಆಸ್ಪತ್ರೆ. ಟ್ರಾನ್ಸ್‌ಫಾರ್ಮರಿನ ಮೇಲಿನ "ಅಪಾಯ" ಮಕ್ಕಳಿಗೂ ಗೊತ್ತಿರಲೇಬೇಕು.

ಕಲಿತದ್ದು ನಿಲ್ಲದಿರುವುದಕ್ಕೆ ಕಾರಣ ನಾವೇ. ಅವರು ತಡವರಿಸಿದ ಕೂಡಲೇ ನಾವು ಹಿಂದಿಗೆ ಜಾರುತ್ತೇವೆ. ಬೀದಿಯ ಹಾಲಿನ ಬೂತು, ಕಿರಾಣಿ, ಆಟೊ ಸ್ಟ್ಯಾಂಡಿನವರಿಗೆ ಹೇಳಿಡಿ: ಕನ್ನಡದಲ್ಲೇ, ನಿಧಾನವಾಗಿ. ಕಲಿಯುವವರ ಬಾಯಲ್ಲೂ ಒಂದು ಮಾತು ಸಿದ್ಧವಿರಲಿ: "ಸ್ವಲ್ಪ ನಿಧಾನ ಹೇಳಿ, ಕನ್ನಡ ಕಲೀತಾ ಇದೀನಿ." ಇನ್ನು ಕಲಬುರಗಿಯವರ "ಬರ್ರಿ, ಹೇಳ್ರಿ" ಕೇಳಿ ನಗುವುದನ್ನು ಬಿಡಬೇಕು. ಅವರದೂ ಹುಟ್ಟಿನಿಂದ ಬಂದ ಕನ್ನಡ. ಸ್ವಂತ ರಾಜ್ಯದ ರಾಜಧಾನಿಯಲ್ಲೇ ಪರಕೀಯರಾಗುವ ನೋವು ಸಣ್ಣದಲ್ಲ.

ಬೇರೆ ದೇಶದವರಾದರೆ

ಕರ್ನಾಟಕಕ್ಕೆ ಇದು ಹೊಸತಲ್ಲ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಸುಳ್ಯದ ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಚೀಟಿ ವೀಸಾಕ್ಕೆ ಸಮನಲ್ಲ. ಹಾಗೆಂದು ಅವರಿಗೆ ಯಾವ ಹಕ್ಕೂ ಇಲ್ಲವೆಂದಲ್ಲ: ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರ ಜೀವಕ್ಕೂ ಅನ್ವಯಿಸುತ್ತದೆಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಅವರ ಮಾಹಿತಿಯನ್ನು (ಹಿಂದೆ 'ಸಿ ಫಾರಂ' ಎನ್ನುತ್ತಿದ್ದುದು) ಆನ್‌ಲೈನಿನಲ್ಲಿ ಸಲ್ಲಿಸಬೇಕು. ಸಂಬಂಧಪಟ್ಟ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ) ಕಚೇರಿ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿದೆ. ಎಷ್ಟೇ ಕರುಣೆಯಿದ್ದರೂ ಏಜೆಂಟರಿಂದ ಆಧಾರ್ ಅಥವಾ ವೋಟರ್ ಕಾರ್ಡ್ ಮಾಡಿಸಿಕೊಡಬೇಡಿ. ಆ ಒಂದು ಕಾರ್ಡು ನಿರಾಶ್ರಿತರನ್ನು ಆರೋಪಿಯನ್ನಾಗಿಸುತ್ತದೆ. ದಾಖಲೆ ತೊಡಕಾಗಿದ್ದರೆ ಮೊದಲು ವಕೀಲರು: ಉಚಿತ ಕಾನೂನು ನೆರವಿಗೆ 15100, ಅಥವಾ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಅವರಿರುವ ಜಾಗದ ಫೋಟೊ, ವಿಳಾಸ ಯಾವ ಜಾಲತಾಣದಲ್ಲೂ ಬರಬಾರದು.

ಗಾಳಿಸುದ್ದಿ ಬಂದ ದಿನ

2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನದಲ್ಲಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಬಾಂಗ್ಲಾ ಮಾತಾಡುವವರೆಲ್ಲ ಬಾಂಗ್ಲಾದೇಶದವರು ಎಂಬ ಮಾತು ಈಗಲೂ ಹಬ್ಬುತ್ತದೆ. ಅಂಥ ಸುದ್ದಿ ಬಂದ ಗಂಟೆಯೊಳಗೆ ಜೊತೆಗಾರರು ಶೆಡ್ಡಿಗೆ ಹೋಗಿ ಕೂರಬೇಕು, ಇನ್ನೊಬ್ಬರು ಠಾಣೆಯ ಬೀಟ್ ಸಿಬ್ಬಂದಿಗೆ ಫೋನ್ ಮಾಡಬೇಕು. ಅದಕ್ಕಾಗಿ ಬೀಟ್ ಸಿಬ್ಬಂದಿಯ ಪರಿಚಯ ಮೊದಲ ತಿಂಗಳಲ್ಲೇ ಆಗಿರಲಿ. ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098.

ಹೊರಡುವಾಗ

ಕಟ್ಟಡ ಮುಗಿದ ದಿನ ಶೆಡ್ಡೂ ಏಳುತ್ತದೆ, ಎರಡು ದಿನವೂ ಮುಂಚೆ ಹೇಳುವುದಿಲ್ಲ. ಆದ್ದರಿಂದ ಎರಡನೇ ತಿಂಗಳಿಂದಲೇ ಜಿಪ್ ಇರುವ ಒಂದು ಪ್ಲಾಸ್ಟಿಕ್ ಕವರು ಸಿದ್ಧವಿರಲಿ: ತಾಯಿ ಕಾರ್ಡು, ಲಸಿಕೆ ಚೀಟಿ, ಪಡಿತರ ಮತ್ತು ಆಧಾರ್ ಜೆರಾಕ್ಸ್, ಮಗುವಿನ ಸ್ಯಾಟ್ಸ್ ಸಂಖ್ಯೆ, ನಿಕ್ಷಯ್ ಸಂಖ್ಯೆ, ಹಾಜರಿ ಪುಸ್ತಕ. ಒಳಗೊಂದು ರಟ್ಟಿನ ಮೇಲೆ ಜೊತೆಗಾರರ ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆದಿಡಿ, ಫೋನ್ ಕಳೆದುಹೋದರೂ ನಂಬರು ಉಳಿಯುತ್ತದೆ. ಕವರು ಮನೆಯ ಹೆಂಗಸಿನ ಟ್ರಂಕಿನಲ್ಲಿರಲಿ. ಹೊಸ ಜಾಗ ಸರ್ಜಾಪುರವೋ ಹೊಸಕೋಟೆಯೋ ತಿಳಿದ ತಕ್ಷಣ ಅಲ್ಲಿನ ಅಂಗನವಾಡಿ ಕಾರ್ಯಕರ್ತೆಗೂ ಶಾಲೆಗೂ ಒಂದು ಫೋನ್ ಮಾಡಿ, ಮಕ್ಕಳ ಹೆಸರು ಹೇಳಿಡಿ.